ಬಾಳೆಯ ಕಾಂಡ ಎಲ್ಲಿದೆ?

ಹಬ್ಬಕ್ಕೆಂದು ಹಿತ್ತಲಿನ ಬಾಳೆಕಂದು ಕಡಿದು ತಂದು ಬಾಗಿಲಿಗೆ ಕಟ್ಟುವವರು ಮರುದಿನ ಬೆಳಿಗ್ಗೆ ಒಮ್ಮೆ ಆ ಕಡಿದ ಮೋಟಿನ ಹತ್ತಿರ ಹೋಗಿ ನೋಡಬೇಕು. ಹಿಂದಿನ ದಿನ ಕತ್ತಿಯಲ್ಲಿ ಒಂದೇ ಏಟಿಗೆ ಸಪಾಟಾಗಿ ಕತ್ತರಿಸಿದ್ದ ಮೋಟು ಈಗ ಸಪಾಟಾಗಿ ಉಳಿದಿರುವುದಿಲ್ಲ. ಹೊರಗಿನ ಸುತ್ತುಗಳು ಕತ್ತರಿಸಿದಲ್ಲೇ ಇವೆ. ನಟ್ಟನಡುವಿನಿಂದ ಮಾತ್ರ ಬೆಳ್ಳಗಿನ ಒಂದು ಸುರುಳಿ ಮೇಲೆದ್ದು ನಿಂತಿರುತ್ತದೆ. ಎರಡು ಮೂರು ದಿನ ಬಿಟ್ಟು ಹೋದರೆ ಅದು ಗೇಣುದ್ದವಾಗಿ, ಹಸಿರಾಗಿ, ಎಲೆ ಬಿಚ್ಚಲು ಸಿದ್ಧವಾಗಿರುತ್ತದೆ.

ಚಿಕ್ಕಂದಿನಲ್ಲಿ ಇದನ್ನು ಮೊದಲ ಸಲ ಕಂಡಾಗ ನನಗೆ ಏನೂ ಅರ್ಥವಾಗಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಒಂದು ಗಿಡದ ಚಿತ್ರವಿತ್ತು. ಕೆಳಗೆ ಬೇರು, ಮೇಲೆ ನೆಟ್ಟಗಿನ ಕಾಂಡ, ಅಕ್ಕಪಕ್ಕ ಎಲೆ, ತುದಿಯಲ್ಲಿ ಹೂ. ಬಾಣದ ಗುರುತು ಹಾಕಿ ಹೆಸರು ಬರೆದರೆ ಐದು ಅಂಕ. ಆ ಚಿತ್ರದ ಪ್ರಕಾರ ಗಿಡ ಬೆಳೆಯುವುದು ತುದಿಯಲ್ಲಿ. ತುದಿಯನ್ನೇ ಕಡಿದು ಹಾಕಿದ ಮೇಲೂ ಬಾಳೆ ನಡುವಿನಿಂದ ಎದ್ದು ಬಂದದ್ದು ಹೇಗೆ? ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಗಿಡವೆಂದರೇನು, ಅದರ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬ ಇಡೀ ಪಾಠ ಸಿಗುತ್ತದೆ. ನನ್ನ ಮಟ್ಟಿಗೆ ಕನ್ನಡನಾಡಿನ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡಲು ಬಾಳೆಗಿಂತ ಒಳ್ಳೆಯ ಗಿಡ ಇನ್ನೊಂದಿಲ್ಲ. ಅದರ ಪ್ರತಿ ಭಾಗವನ್ನೂ ನಾವು ಮುಟ್ಟಿದ್ದೇವೆ, ಹೆಚ್ಚಿದ್ದೇವೆ, ತಿಂದಿದ್ದೇವೆ.

ಮೊದಲು ಆ ಎತ್ತರದ ಕಂಬದ ವಿಷಯ. ನಾವು ಬಾಳೆಮರ ಎಂದು ಕರೆಯುವಾಗ ಯಾವುದನ್ನು ಮರದ ಕಾಂಡವೆಂದು ಭಾವಿಸುತ್ತೇವೋ ಅದು ಕಾಂಡವೇ ಅಲ್ಲ. ಅಡ್ಡಡ್ಡ ಕತ್ತರಿಸಿ ನೋಡಿ. ಒಂದರೊಳಗೊಂದು ಕೂತ ಅರ್ಧಚಂದ್ರಾಕಾರದ ಪಟ್ಟೆಗಳು ಕಾಣುತ್ತವೆ. ಒಂದು ಪಟ್ಟೆಯನ್ನು ಬಿಡಿಸಿ ಮೇಲಕ್ಕೆ ಎಳೆಯುತ್ತ ಹೋದರೆ ಅದು ಕೊನೆಗೆ ಒಂದು ಎಲೆಯಲ್ಲಿ ಮುಗಿಯುತ್ತದೆ. ಅಂದರೆ ಪ್ರತಿ ಪಟ್ಟೆಯೂ ಒಂದು ಎಲೆಯ ಬುಡ. ಹತ್ತಾರು ಎಲೆಗಳ ಬುಡಗಳು ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡು ಕಂಬದಂತೆ ನಿಂತಿವೆ. ಸಸ್ಯಶಾಸ್ತ್ರಜ್ಞರು ಇದನ್ನು ಹುಸಿಕಾಂಡ ಎನ್ನುತ್ತಾರೆ. ಇದರಲ್ಲಿ ಕಟ್ಟಿಗೆ ಎಂಬುದು ಒಂದು ಚೂರೂ ಇಲ್ಲ. ಹಾಗಾಗಿ ಹತ್ತು ಹದಿನೈದು ಅಡಿ ಎತ್ತರ ಬೆಳೆದರೂ ಬಾಳೆ ಮರವಲ್ಲ, ಮೂಲಿಕೆ. ಲೆಕ್ಕಕ್ಕೆ ಅದು ಕೊತ್ತಂಬರಿ, ಸಬ್ಬಸಿಗೆಯ ಸಾಲಿನದು.

ಕಟ್ಟಿಗೆಯಿಲ್ಲದೆ ಅಷ್ಟೆತ್ತರ ಹೇಗೆ ನಿಂತಿತು? ನೀರಿನಿಂದ. ಬಾಳೆಯ ಕಂಬದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಗಾಳಿ ತುಂಬಿದ ಟ್ಯೂಬು ಗಟ್ಟಿಯಾಗುವ ಹಾಗೆ ನೀರು ತುಂಬಿದ ಕೋಶಗಳು ಒಂದನ್ನೊಂದು ಒತ್ತಿ ಬಿಗಿಯಾಗಿ ನಿಲ್ಲುತ್ತವೆ. ಪಟ್ಟೆಯನ್ನು ಅಡ್ಡ ಸೀಳಿದರೆ ಒಳಗೆ ಸಣ್ಣ ಸಣ್ಣ ಗಾಳಿಗೂಡುಗಳ ಸಾಲು ಕಾಣುತ್ತದೆ, ಜೇನುಹಲ್ಲೆಯಂತೆ. ಹಳ್ಳಿಯ ಮಕ್ಕಳು ಬಾಳೆಕಂಬ ಅಪ್ಪಿಕೊಂಡು ಕೆರೆಯಲ್ಲಿ ಈಜು ಕಲಿಯಲು ಸಾಧ್ಯವಾಗುವುದು ಈ ಗಾಳಿಗೂಡುಗಳಿಂದ. ಗೂಡುಗಳ ನಡುವೆ ಉದ್ದಕ್ಕೆ ಹರಿದ ನಾರುಗಳು ಎಳೆತವನ್ನು ತಡೆಯುತ್ತವೆ. ಹೂ ಕಟ್ಟುವವರು ಸೀಳಿಟ್ಟುಕೊಳ್ಳುವ ಬಾಳೆನಾರು ಇದೇ. ಇದೇ ಕುಲದ ಇನ್ನೊಂದು ಬಾಳೆಯ ನಾರಿನಿಂದ ಫಿಲಿಪ್ಪೀನ್ಸಿನಲ್ಲಿ ಹಡಗಿನ ಹಗ್ಗ ಹೊಸೆಯುತ್ತಿದ್ದರು. ಮನಿಲಾ ಹಗ್ಗ ಎಂಬ ಹೆಸರು ಬಂದದ್ದು ಅಲ್ಲಿಂದ.

ಹಾಗಾದರೆ ನಿಜವಾದ ಕಾಂಡ ಎಲ್ಲಿ? ನೆಲದ ಕೆಳಗೆ. ನಾವು ಬಾಳೆಗಡ್ಡೆ ಎನ್ನುತ್ತೇವಲ್ಲ, ಅದೇ. ಬೇರಿನ ಜಾಗದಲ್ಲಿದೆ, ಮಣ್ಣು ಮೆತ್ತಿಕೊಂಡಿದೆ, ಬೇರಿನಂತೆ ಕಾಣುತ್ತದೆ, ಆದರೂ ಅದು ಕಾಂಡ. ಕಾಂಡವನ್ನು ಗುರುತಿಸುವುದು ಎತ್ತರದಿಂದಲೂ ಅಲ್ಲ, ಬಣ್ಣದಿಂದಲೂ ಅಲ್ಲ. ಎಲ್ಲಿಂದ ಎಲೆ ಹುಟ್ಟುತ್ತದೋ, ಎಲ್ಲಿ ಮೊಗ್ಗು ಕೂತಿರುತ್ತದೋ ಅದು ಕಾಂಡ. ಬಾಳೆಗಡ್ಡೆಯ ಮೈಮೇಲೆ ಬಳೆಯಂತೆ ಗೆರೆಗಳಿವೆ. ಉದುರಿಹೋದ ಎಲೆಗಳು ಅಂಟಿಕೊಂಡಿದ್ದ ಗುರುತು ಅವು. ಬದಿಯಲ್ಲಿ ಮೊಗ್ಗುಗಳಿವೆ. ಈ ಒಂದು ಸೂತ್ರ ಹಿಡಿದು ತರಕಾರಿ ಬುಟ್ಟಿಯ ಮುಂದೆ ಕೂತರೆ ಹೊಸ ಲೋಕವೇ ತೆರೆಯುತ್ತದೆ. ಆಲೂಗಡ್ಡೆಯ ಕಣ್ಣುಗಳು ಮೊಗ್ಗುಗಳು, ಆದ್ದರಿಂದ ಅದು ಕಾಂಡ. ಶುಂಠಿ, ಅರಿಶಿನ ಕೂಡ ಕಾಂಡ. ಸಿಹಿಗೆಣಸಿನ ಮೈಮೇಲೆ ಅಂಥ ಕಣ್ಣುಗಳ ಕ್ರಮವಿಲ್ಲ, ಅದು ಉಬ್ಬಿದ ಬೇರು. ಈರುಳ್ಳಿಯಲ್ಲಿ ಬೇರು ಅಂಟಿಕೊಂಡಿರುವ, ನಾವು ಕತ್ತರಿಸಿ ಎಸೆಯುವ ಸಣ್ಣ ಬಿಲ್ಲೆಯಷ್ಟೇ ಕಾಂಡ. ಉಳಿದ ಪದರಗಳೆಲ್ಲ ಎಲೆಯ ಬುಡಗಳು, ಬಾಳೆಯ ಪಟ್ಟೆಗಳ ಹಾಗೆಯೇ. ಏಲಕ್ಕಿ, ಅರಿಶಿನ, ಶುಂಠಿ ಇವೆಲ್ಲ ಬಾಳೆಯ ದೂರದ ನೆಂಟರು. ಅವುಗಳ ನೆಟ್ಟಗಿನ ಹಸಿರು ಕಡ್ಡಿಗಳಲ್ಲೂ ಕಾಣುವುದು ಎಲೆಬುಡಗಳ ಸುತ್ತೇ.

ಮೋಟಿನ ಗುಟ್ಟು ಈಗ ಬಿಚ್ಚಿಕೊಳ್ಳುತ್ತದೆ. ಬಾಳೆಯ ಬೆಳೆಯುವ ತುದಿ ಇರುವುದು ಗಡ್ಡೆಯ ನೆತ್ತಿಯಲ್ಲಿ, ನೆಲಮಟ್ಟದಲ್ಲಿ. ಅಲ್ಲಿ ಸದಾ ಒಡೆಯುತ್ತಲೇ ಇರುವ ಎಳೆಯ ಕೋಶಗಳ ಪುಟ್ಟ ಗುಂಪೊಂದಿದೆ. ಹೊಸ ಎಲೆ ಹುಟ್ಟುವುದು ಅಲ್ಲಿ. ಹುಟ್ಟಿದ ಎಲೆ ಸುರುಳಿ ಸುತ್ತಿಕೊಂಡು ಹಳೆಯ ಎಲೆಬುಡಗಳ ನಡುವಿನ ಕೊಳವೆಯಲ್ಲಿ ಮೇಲೇರಿ ತುದಿಯಲ್ಲಿ ಸುಳಿಯಾಗಿ ಹೊರಬರುತ್ತದೆ. ನಾವು ಕಂಬ ಕಡಿದಾಗ ಎಲೆಗಳನ್ನು ಕಡಿದೆವೇ ಹೊರತು ಬೆಳೆಯುವ ತುದಿಯನ್ನಲ್ಲ. ದನ ಮೇಯ್ದ ಮೇಲೂ ಹುಲ್ಲು ಮತ್ತೆ ಚಿಗುರುವುದಕ್ಕೆ ಇಂಥದೇ ಕಾರಣ. ಅದರ ಬೆಳೆಯುವ ತುದಿಯೂ ದನದ ಬಾಯಿಗೆ ನಿಲುಕದಷ್ಟು ಕೆಳಗಿರುತ್ತದೆ. ಇಂದು ರೈತರು ಕೊಳ್ಳುವ ಜಿ-9 ತಳಿಯ ಅಂಗಾಂಶ ಕೃಷಿಯ ಸಸಿಗಳನ್ನು ತಯಾರಿಸುವುದೂ ಈ ತುದಿಯಿಂದಲೇ. ಕಂದಿನ ನಡುವಿನ ಆ ಪುಟ್ಟ ಭಾಗವನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ಒಂದರಿಂದ ನೂರಾರು ಸಸಿ ಮಾಡುತ್ತಾರೆ.

ಗಡ್ಡೆಯಿಂದ ಸುತ್ತ ಹೊರಡುವುದು ಬೇರು. ಮಾವಿನಂತೆ ಆಳಕ್ಕಿಳಿಯುವ ತಾಯಿಬೇರು ಬಾಳೆಗಿಲ್ಲ. ಹುರಿಯಂಥ ನೂರಾರು ಬೇರುಗಳು, ಹೆಚ್ಚಿನವು ಮೇಲುಮಣ್ಣಿನ ಒಂದೆರಡು ಅಡಿಯಲ್ಲೇ ಹರಡಿಕೊಂಡಿರುತ್ತವೆ. ಬೇರಿಗೆ ಎರಡು ಕೆಲಸ, ಹಿಡಿದುಕೊಳ್ಳುವುದು ಮತ್ತು ಹೀರುವುದು. ಹಿಡಿದುಕೊಳ್ಳುವುದರಲ್ಲಿ ಬಾಳೆ ದುರ್ಬಲ. ಗೊನೆ ಹೊತ್ತ ಬಾಳೆಗೆ ರೈತರು ಊರುಗೋಲು ಕೊಡುವುದು, ಒಂದು ಮಳೆಗಾಳಿಗೆ ತೋಟಕ್ಕೆ ತೋಟವೇ ಮಲಗುವುದು ಇದೇ ಕಾರಣಕ್ಕೆ. ಬೇರು ಮೇಲುಮೇಲೆ ಇರುವುದರಿಂದಲೇ ಬಾಳೆಬುಡವನ್ನು ಆಳವಾಗಿ ಅಗೆಯಬಾರದು. ನೀರು ಹೀರುವುದು ದಪ್ಪ ಬೇರಲ್ಲ. ತುದಿಯ ಹತ್ತಿರ ಕಣ್ಣಿಗೆ ಕಂಡೂ ಕಾಣದ ಬೇರುರೋಮಗಳು ಮಣ್ಣಿನ ಕಣಗಳ ಸಂದಿಗೆ ನುಸುಳಿ ಆ ಕೆಲಸ ಮಾಡುತ್ತವೆ.

ಹೀರಿದ ನೀರು ಮೇಲೇರುವ ನಾಳಗಳಿಗೆ ಕ್ಸೈಲಂ ಎಂದು ಹೆಸರು. ಎಲೆ ತಯಾರಿಸಿದ ಸಕ್ಕರೆಯನ್ನು ಬೇಕಾದಲ್ಲಿಗೆ ಒಯ್ಯುವ ನಾಳಗಳು ಫ್ಲೋಯಂ. ಪುಸ್ತಕದಲ್ಲಿ ಈ ಎರಡು ಶಬ್ದ ಓದುವಾಗ ಯಾರಿಗೂ ಅವು ಕಣ್ಣಿಗೆ ಕಟ್ಟುವುದಿಲ್ಲ. ಬಾಳೆಯಲ್ಲಿ ಕಾಣುತ್ತವೆ. ಎಲೆಯ ದಂಟನ್ನು ಪಟ್ಟನೆ ಮುರಿದು ಎರಡು ತುಂಡುಗಳನ್ನು ಮೆಲ್ಲಗೆ ದೂರ ಸರಿಸಿ. ಜೇಡನ ನೂಲಿಗಿಂತ ನವಿರಾದ ಎಳೆಗಳು ಎರಡರ ನಡುವೆ ತೂಗುತ್ತವೆ. ನೀರ್ನಾಳದ ಒಳಗೋಡೆಗೆ ಸ್ಪ್ರಿಂಗಿನಂತೆ ಸುತ್ತಿಕೊಂಡಿರುವ ಗಟ್ಟಿ ಎಳೆಗಳು ಬಿಚ್ಚಿಕೊಂಡು ಬಂದಿರುತ್ತವೆ. ನೀರನ್ನು ಮೇಲಕ್ಕೆ ಎಳೆಯುವ ಬಲ ದೊಡ್ಡದು. ಆ ಎಳೆತಕ್ಕೆ ನಾಳ ಕುಸಿದುಬಿಡದಂತೆ ಈ ಸುರುಳಿ ಕಾಯುತ್ತದೆ. ಕುಡಿಯುವ ಸ್ಟ್ರಾ ತೆಳ್ಳಗಿದ್ದರೆ ಜೋರಾಗಿ ಎಳೆದಾಗ ಅದರ ಗೋಡೆಗಳು ಅಂಟಿಕೊಳ್ಳುತ್ತವಲ್ಲ, ಹಾಗಾಗಬಾರದು.

ಎಳೆಯುವವರು ಯಾರು? ಎಲೆಗಳು. ಬಾಳೆಎಲೆಯಲ್ಲಿ, ಅದರಲ್ಲೂ ಕೆಳಮೈಯಲ್ಲಿ, ಲೆಕ್ಕವಿಲ್ಲದಷ್ಟು ಪತ್ರರಂಧ್ರಗಳಿವೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗೆ ಬರಲು ಅವು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಹೋದ ನೀರಿನ ಜಾಗಕ್ಕೆ ಕೆಳಗಿನ ನೀರು ಸರಪಳಿಯಂತೆ ಏರಿ ಬರುತ್ತದೆ. ಬಿಸಿಲು ಹೆಚ್ಚಾಗಿ ನೀರು ಸಾಲದಾದರೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಾಳೆ ಅದರ ಮೇಲೆ ಇನ್ನೊಂದು ಉಪಾಯ ಮಾಡುತ್ತದೆ. ನಡುದಂಟಿನ ಎರಡು ಬದಿಗೂ ತಿರುಗಣಿಯಂತೆ ಕೆಲಸ ಮಾಡುವ ತೆಳುಬಣ್ಣದ ಪಟ್ಟಿಗಳಿವೆ. ಅಲ್ಲಿ ನೀರಿನ ಒತ್ತಡ ಇಳಿದಾಗ ಎಲೆಯ ಎರಡು ಹೋಳುಗಳೂ ಛತ್ರಿ ಮಡಿಸಿದಂತೆ ಕೆಳಗೆ ಬಾಗುತ್ತವೆ. ನಡುಮಧ್ಯಾಹ್ನ ತೋಟದೊಳಗೆ ಹೋದವರು ಇದನ್ನು ಕಂಡಿರುತ್ತಾರೆ. ರಾತ್ರಿಯಲ್ಲಿ ಎಲೆಗಳ ಎಳೆತ ನಿಂತರೂ ಬೇರು ನೀರನ್ನು ಮೇಲಕ್ಕೆ ನೂಕುತ್ತಲೇ ಇರುತ್ತದೆ. ಕಡಿದ ಮೋಟಿನ ನಡುವೆ ಕುಳಿ ತೋಡಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದರಲ್ಲಿ ನೀರು ತುಂಬಿರುವುದು ಈ ನೂಕುಬಲದಿಂದ.

ಎಲೆಯ ಮುಖ್ಯ ಕೆಲಸ ಅಡುಗೆ. ಹಸಿರು ಪತ್ರಹರಿತ್ತು ಬಿಸಿಲನ್ನು ಹಿಡಿದು, ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುತ್ತದೆ. ಭೂಮಿಯ ಮೇಲೆ ನಾವು ತಿನ್ನುವ ಪ್ರತಿ ತುತ್ತಿನ ಮೂಲ ಈ ಕ್ರಿಯೆ. ಬಿಸಿಲನ್ನು ಹೆಚ್ಚು ಹಿಡಿಯಲು ಬಾಳೆ ತನ್ನ ಎಲೆಯನ್ನು ಆಳುದ್ದಕ್ಕಿಂತ ದೊಡ್ಡದಾಗಿ ಹರವಿದೆ. ಅಷ್ಟು ದೊಡ್ಡ ಹಾಯಿಗೆ ಗಾಳಿ ಬಡಿದರೆ ಗಿಡವೇ ಉರುಳಬೇಕು. ಅದಕ್ಕೆಂದೇ ಎಲೆಯ ನರಗಳು ನಡುದಂಟಿನಿಂದ ಅಂಚಿಗೆ ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ. ಗಾಳಿಗೆ ಎಲೆ ನರಗಳ ನಡುವೆ ಹರಿದು ಜಾಲರಿಯಾಗುತ್ತದೆ, ಗಾಳಿ ಸಂದಿಯಿಂದ ಹಾದುಹೋಗುತ್ತದೆ. ಹರಿದ ಚೂರೂ ತನ್ನ ನರಗಳಿಂದ ನೀರು ಪಡೆದು ಅಡುಗೆ ಮುಂದುವರಿಸುತ್ತದೆ. ಮಲೆನಾಡಿನಲ್ಲಿ ಊಟಕ್ಕೆ ಕುಡಿ ಎಲೆ ಸಾಲದಾದಾಗ ಕೀತು, ಅಂದರೆ ಸೀಳಿದ ಎಲೆಯ ತುಂಡು, ಹಾಕುತ್ತಾರೆ. ಎಲೆಯನ್ನು ಅಷ್ಟು ನೇರವಾಗಿ ಸೀಳಲು ಬರುವುದು ಈ ನರಗಳಿಂದ. ಕಡುಬಿಗೆಂದು ಎಲೆಯನ್ನು ಕೆಂಡದ ಮೇಲೆ ಬಾಡಿಸಿದಾಗ ಅದು ಮೆತ್ತಗಾಗುವುದೂ ಸಸ್ಯಶಾಸ್ತ್ರವೇ. ಬಿಸಿಗೆ ಕೋಶಗಳ ಪೊರೆ ಕೆಟ್ಟು ನೀರಿನ ಬಿಗಿ ಸಡಿಲುತ್ತದೆ, ಮೇಲಿನ ಮೇಣ ಕರಗಿ ಎಲೆ ಹೊಳೆಯುತ್ತದೆ.

ಏಳೆಂಟು ತಿಂಗಳು ಎಲೆ ಹಾಕುವುದೊಂದೇ ಕೆಲಸ. ಆಮೇಲೆ ಒಂದು ದಿನ, ಹೊರಗೆ ಯಾರಿಗೂ ತಿಳಿಯದಂತೆ, ಗಡ್ಡೆಯ ನೆತ್ತಿಯ ಆ ಬೆಳೆಯುವ ತುದಿ ಎಲೆ ಮಾಡುವುದನ್ನು ನಿಲ್ಲಿಸಿ ಹೂ ಮಾಡಲು ತೊಡಗುತ್ತದೆ. ಬಾಳೆಯ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಅಲ್ಲಿಯವರೆಗೆ ನೆಲದಲ್ಲಿ ಅಡಗಿದ್ದ ಕಾಂಡ ಈಗ ಮೊದಲ ಬಾರಿಗೆ ಉದ್ದವಾಗುತ್ತದೆ. ತುದಿಯಲ್ಲಿ ಹೂಗೊಂಚಲು ಹೊತ್ತು, ಪಟ್ಟೆಗಳ ನಡುವೆ ದಾರಿ ಮಾಡಿಕೊಂಡು, ಬುಡದಿಂದ ತುದಿಯವರೆಗೆ ಏರುತ್ತದೆ. ನಾವು ಪಲ್ಯ, ಕೋಸಂಬರಿ ಮಾಡುವ ಬಾಳೆದಿಂಡು ಇದೇ. ಗೊನೆ ಬಿಡದ ಎಳೆಯ ಗಿಡ ಕಡಿದರೆ ಒಳಗೆ ದಿಂಡು ಸಿಗುವುದಿಲ್ಲ, ಬರೀ ಪಟ್ಟೆ. ದಿಂಡು ಬೇಕೆಂದರೆ ಗೊನೆ ಕಡಿಯುವವರೆಗೆ ಕಾಯಿರಿ ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ಇದಕ್ಕೇ. ದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿ ಸುತ್ತಿ ತೆಗೆಯುವ ನಾರಿನಲ್ಲಿ ಗೊನೆಗೆ ನೀರು ಮತ್ತು ಸಕ್ಕರೆ ಸಾಗಿಸಿದ ನಾಳಗಳಿವೆ. ಹೆಚ್ಚಿದ ಬಿಲ್ಲೆಯನ್ನು ಮಜ್ಜಿಗೆಯಲ್ಲಿ ಹಾಕುತ್ತೇವೆ. ಗಾಳಿ ತಾಕಿದರೆ ಅದರೊಳಗಿನ ಕಿಣ್ವಗಳು ಅದನ್ನು ಕಪ್ಪಾಗಿಸುತ್ತವೆ, ಮಜ್ಜಿಗೆಯ ಹುಳಿ ಆ ಕಿಣ್ವಗಳನ್ನು ತಡೆಯುತ್ತದೆ.

ಗೊನೆ ಹೊರಬಿದ್ದ ಮೇಲೆ ಆ ಗಿಡ ಇನ್ನೊಂದು ಎಲೆಯನ್ನೂ ಹಾಕಲಾರದು. ಎಲೆ ಮಾಡುತ್ತಿದ್ದ ತುದಿಯೇ ಹೂವಾಗಿಬಿಟ್ಟಿದೆ. ಆ ಹೊತ್ತಿಗೆ ಇದ್ದ ಹತ್ತು ಹನ್ನೆರಡು ಎಲೆಗಳೇ ಮುಂದಿನ ಮೂರು ನಾಲ್ಕು ತಿಂಗಳು ಇಡೀ ಗೊನೆಯನ್ನು ತುಂಬಿಸಬೇಕು. ಗೊನೆ ಬಿಟ್ಟ ಗಿಡದ ಹಸಿರೆಲೆಯನ್ನು ಊಟಕ್ಕೆಂದು ಕೊಯ್ಯುವುದು ಕಾಯಿಯ ಬಾಯಿಂದ ತುತ್ತು ಕಿತ್ತುಕೊಂಡಂತೆ. ಎಲೆ ಬೇಕಾದರೆ ಗೊನೆ ಬಿಡದ ಗಿಡದಿಂದ, ಅದೂ ಒಂದೆರಡು ಮಾತ್ರ, ಕೊಯ್ಯಬೇಕು.

ಈಗ ಹೂ. ಕೆಲವರು ಮೂತಿ ಎನ್ನುತ್ತಾರೆ, ಕರಾವಳಿಯವರಿಗೆ ಪೂಂಬೆ. ಅದರ ನೇರಳೆಗೆಂಪಿನ ದಪ್ಪ ಹೊದಿಕೆಗಳು ಹೂವಿನ ದಳಗಳಲ್ಲ, ರೂಪ ಬದಲಿಸಿದ ಎಲೆಗಳು. ಜರ್ಮನಿಯ ಕವಿ ಗಯಟೆ 1790ರಲ್ಲಿ ಪ್ರಕಟಿಸಿದ ಸಸ್ಯಶಾಸ್ತ್ರದ ಪುಸ್ತಕವೊಂದರಲ್ಲಿ ಗಿಡದ ಹೂವಿನ ಭಾಗಗಳೆಲ್ಲ ಎಲೆಯದೇ ರೂಪಾಂತರ ಎಂದು ವಾದಿಸಿದ್ದ. ಎರಡು ಶತಮಾನಗಳ ನಂತರ ವಂಶವಾಹಿಗಳ ಅಧ್ಯಯನ ಅವನ ಮಾತು ಬಹುಮಟ್ಟಿಗೆ ಸರಿ ಎಂದಿದೆ. ಮೂತಿಯ ಒಂದೊಂದು ಹೊದಿಕೆ ಎತ್ತಿದರೂ ಅಡಿಯಲ್ಲಿ ಹೂಗಳ ಸಾಲು. ಮೊದಲು ತೆರೆಯುವ ಕೆಲವು ಸಾಲುಗಳು ಹೆಣ್ಣುಹೂಗಳು. ಒಂದೊಂದು ಸಾಲೂ ಒಂದೊಂದು ಚಿಪ್ಪಾಗುತ್ತದೆ, ಒಂದೊಂದು ಹೂವೂ ಒಂದೊಂದು ಕಾಯಿ. ಆಮೇಲಿನವೆಲ್ಲ ಗಂಡುಹೂಗಳು. ಚಿಪ್ಪುಗಳು ಮುಗಿದ ಮೇಲೆ ರೈತರು ಮೂತಿ ಮುರಿಯುವುದು, ಇನ್ನು ಕಾಯಾಗದ ಹೂಗಳಿಗೆ ಸಕ್ಕರೆ ಹರಿದು ವ್ಯರ್ಥವಾಗದಿರಲಿ ಎಂದು. ಮೂತಿಯ ಪಲ್ಯಕ್ಕೆ ಒಂದೊಂದೇ ಹೂ ಬಿಡಿಸಿ, ತುದಿ ಗುಂಡಾದ ಗಟ್ಟಿ ಕಡ್ಡಿಯನ್ನೂ ಪಾರದರ್ಶಕವಾದ ಪುಟ್ಟ ಹಾಳೆಯನ್ನೂ ತೆಗೆಯುತ್ತೇವೆ. ಹಾಳೆ ಆ ಹೂವಿನ ದಳ. ಕಡ್ಡಿ ಗಂಡುಹೂವಿನಲ್ಲಿ ಉಳಿದುಕೊಂಡ, ಕೆಲಸವಿಲ್ಲದ ಹೆಣ್ಣುಭಾಗ.

ಗೊನೆ ಕೆಳಮುಖವಾಗಿ ತೂಗುತ್ತದೆ, ಕಾಯಿಗಳು ಮಾತ್ರ ಆಕಾಶದ ಕಡೆ ಬಾಗುತ್ತವೆ. ಭೂಮಿಯ ಸೆಳೆತವನ್ನು ಅರಿತು ಅದಕ್ಕೆ ಎದುರಾಗಿ ಬೆಳೆಯುವ ಗುಣ ಅದು. ಬಾಳೆಹಣ್ಣು ಡೊಂಕಾಗಿರುವುದು ಇದರಿಂದ. ಸಿಪ್ಪೆ ಸುಲಿದ ಹಣ್ಣಿನ ತುದಿಗೆ ಬೆರಳೊತ್ತಿ ನೋಡಿ, ಅದು ಉದ್ದಕ್ಕೆ ಮೂರು ಹೋಳಾಗುತ್ತದೆ. ಅಂಡಾಶಯದ ಮೂರು ಕೋಣೆಗಳು ಅವು. ನಡುವೆ ಕಾಣುವ ಕಪ್ಪು ಚುಕ್ಕಿಗಳು ಬೀಜವಾಗದೆ ನಿಂತುಹೋದ ಅಂಡಗಳು. ಕಾಡಿನ ಬಾಳೆಗಳಲ್ಲಿ ಆ ಜಾಗದಲ್ಲಿ ಹಲ್ಲು ಮುರಿಯುವಂಥ ಗಟ್ಟಿ ಬೀಜಗಳಿರುತ್ತವೆ. ಪರಾಗಸ್ಪರ್ಶವಿಲ್ಲದೆಯೇ ತಿರುಳು ತುಂಬಿದ, ಬೀಜ ಕಟ್ಟದ ಗಿಡಗಳನ್ನು ಮನುಷ್ಯ ಸಾವಿರಾರು ವರ್ಷಗಳಿಂದ ಆರಿಸಿಕೊಂಡು ಬಂದ. ಏಲಕ್ಕಿಬಾಳೆ, ಪಚ್ಚಬಾಳೆ, ರಸಬಾಳೆ ಎಲ್ಲವೂ ಆ ಆಯ್ಕೆಯ ಫಲ. ಬೀಜದ ಬಾಳೆ ನೋಡಬೇಕೆಂದರೆ ಪಶ್ಚಿಮಘಟ್ಟದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಬೆಳೆಯುವ ಕಲ್ಲುಬಾಳೆಯನ್ನು ನೋಡಬೇಕು. ಬೇಸಿಗೆಯಲ್ಲಿ ಅದರ ಎಲೆಗಳೆಲ್ಲ ಒಣಗಿ ಗಡ್ಡೆ ಮಾತ್ರ ಉಳಿಯುತ್ತದೆ. ಅದು ಕಂದು ಬಿಡುವುದಿಲ್ಲ, ಬೀಜವೇ ಅದರ ಮುಂದಿನ ಪೀಳಿಗೆ.

ನಮ್ಮ ತೋಟದ ಬಾಳೆಗೆ ಬೀಜವಿಲ್ಲ, ಕಂದೇ ಗತಿ. ಗಡ್ಡೆಯ ಬದಿಯ ಮೊಗ್ಗು ಬೆಳೆದು ಕಂದಾಗುತ್ತದೆ. ಕತ್ತಿಯಂತೆ ಕಿರಿದಾದ ಎಲೆಯಿರುವ ಕಂದು ತಾಯಿಗಡ್ಡೆಗೆ ಗಟ್ಟಿಯಾಗಿ ಅಂಟಿಕೊಂಡು ಅದರ ಸಂಗ್ರಹದಿಂದ ಉಣ್ಣುತ್ತದೆ. ಬೇಗನೆ ಅಗಲ ಎಲೆ ಬಿಡುವ ನೀರುಕಂದಿಗೆ ಆ ಆಸರೆ ಕಡಿಮೆ. ನೆಡಲು ರೈತರು ಕತ್ತಿಕಂದನ್ನೇ ಆರಿಸುತ್ತಾರೆ. ಕಂದಿನಿಂದ ಕಂದಿಗೆ ಸಾಗುವ ತೋಟದಲ್ಲಿ ಎಲ್ಲ ಗಿಡಗಳೂ ಒಂದೇ ಗಿಡದ ಪ್ರತಿಗಳು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ನಂಜನಗೂಡಿನ ರಸಬಾಳೆಯನ್ನು ನೆಲಕಚ್ಚಿಸಿದ ಪನಾಮ ಸೊರಗು ರೋಗ ಹಾಗೆ ಬಂದದ್ದು. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನ ಮೂಲಕ ನುಗ್ಗಿ ನೀರ್ನಾಳಗಳಲ್ಲಿ ಬೆಳೆದು ಅವನ್ನು ಮುಚ್ಚಿಬಿಡುತ್ತದೆ. ನೆಲದಲ್ಲಿ ನೀರಿದೆ, ಎಲೆ ಮಾತ್ರ ಬಾಯಾರಿ ಹಳದಿಯಾಗಿ, ದಂಟು ಮುರಿದು ಕಂಬದ ಸುತ್ತ ಜೋತುಬೀಳುತ್ತದೆ. ಕಂಬ ಸೀಳಿದರೆ ಒಳಗೆ ಕಂದುಬಣ್ಣದ ಗೆರೆಗಳು. ಕಳೆದ ಶತಮಾನದಲ್ಲಿ ಲ್ಯಾಟಿನ್ ಅಮೆರಿಕದ ಗ್ರೋ ಮಿಷೆಲ್ ತಳಿಯ ತೋಟಗಳನ್ನು ಮುಗಿಸಿದ್ದೂ ಇದೇ ರೋಗ. ಭೌಗೋಳಿಕ ಮಾನ್ಯತೆ ಪಡೆದ ನಮ್ಮ ರಸಬಾಳೆ ಉಳಿಯಬೇಕಾದರೆ ರೋಗವಿಲ್ಲದ ಕಂದು, ರೋಗವಿಲ್ಲದ ಮಣ್ಣು ಎರಡೂ ಬೇಕು. ಕಂದಿನ ಜೊತೆ ಅಂಟಿಬರುವ ಒಂದು ಹಿಡಿ ಮಣ್ಣೂ ರೋಗವನ್ನು ಹೊಸ ತೋಟಕ್ಕೆ ಒಯ್ಯುತ್ತದೆ.

ಗೊನೆ ಕೊಟ್ಟ ಗಿಡ ಮತ್ತೆ ಫಲಿಸುವುದಿಲ್ಲ. ಆದರೂ ತಿಳಿದ ರೈತರು ಅದನ್ನು ಆ ಕ್ಷಣವೇ ಬುಡಕ್ಕೆ ಕಡಿಯುವುದಿಲ್ಲ. ಅದರಲ್ಲಿ ಉಳಿದ ನೀರು, ಸತ್ವ ಕಂದಿಗೆ ಇಳಿಯಲೆಂದು ಅರ್ಧ ಎತ್ತರಕ್ಕೆ ಕಡಿದು ಬಿಡುತ್ತಾರೆ.

ಶಿಕ್ಷಕರಲ್ಲಿ, ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಹಾಗೆ ಕಡಿದು ಉರುಳಿಸಿದ ಕಂಬವನ್ನು ಗೊಬ್ಬರದ ಗುಂಡಿಗೆ ಎಳೆಯುವ ಮೊದಲು ಮಕ್ಕಳನ್ನು ಕರೆಯಿರಿ. ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿ, ಇನ್ನೊಂದನ್ನು ಉದ್ದಕ್ಕೆ ಸೀಳಿ. ಪಟ್ಟೆಗಳನ್ನು ಒಂದೊಂದಾಗಿ ಅವರೇ ಬಿಡಿಸಲಿ, ಎಲೆಯ ದಂಟು ಮುರಿದು ಸುರುಳಿ ಎಳೆಗಳನ್ನು ಎಳೆಯಲಿ, ಕೊನೆಗೆ ನಡುವಿನ ಬೆಳ್ಳಗಿನ ದಿಂಡನ್ನು ಮುಟ್ಟಿ ಇದು ಕಾಂಡ ಎಂದು ತಾವೇ ಹೇಳಲಿ. ಚಿತ್ರಕ್ಕೆ ಬಾಣ ಹಾಕುವುದು ಆಮೇಲೆ. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ ಎಂದು ಮಾತ್ರ ಮೊದಲೇ ಹೇಳಿಬಿಡಿ. ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.